ತಿದ್ದುಪಡಿಗೊಂದು ಲೆಕ್ಕ

ಗಣಕಯಂತ್ರಕ್ಕೆ ಸಂಬಂಧಿಸಿದ ವಿದ್ಯೆಗಳೆಲ್ಲ ವಿಜ್ಞಾನ ವಿಭಾಗದವರ ಸೊತ್ತು; ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ನಮಗೆ ಅದರ ಗೊಡವೆ ಏಕೆ ಎಂಬ ಮಾತು ನಮ್ಮ ಕಲಾ ಕಾಲೇಜಿನ ಪಡಸಾಲೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮಾತು ಹೊರನೋಟಕ್ಕೆ ಸರಿಯೆಂದೇ ತೋರುತ್ತದೆ. ಆದರೆ ತಂತ್ರಾಂಶ ಕಟ್ಟುವವರು ದಿನಂಪ್ರತಿ ಬಳಸುವ ಒಂದು ಪದ್ಧತಿಯನ್ನು ಮಾತ್ರ ಈ ಮಾತಿನಿಂದ ಹೊರಗಿಡಬೇಕೆಂದು ನನ್ನ ಅಭಿಪ್ರಾಯ. ಅದರ ಹೆಸರು ಆವೃತ್ತಿ ನಿಯಂತ್ರಣ. ಬರೆದದ್ದನ್ನು ತಿದ್ದಿದಾಗಲೆಲ್ಲ ಯಾರು ತಿದ್ದಿದರು, ಯಾವಾಗ ತಿದ್ದಿದರು, ಏನನ್ನು ತಿದ್ದಿದರು, ಏತಕ್ಕಾಗಿ ತಿದ್ದಿದರು ಎಂಬ ನಾಲ್ಕು ಸಂಗತಿಗಳನ್ನು ಉಳಿಸಿಡುವುದೇ ಅದರ ಉದ್ದೇಶ. ಇದನ್ನು ನಡೆಸಲು ಬೇಕಾದ ಆಜ್ಞೆಗಳು ಹತ್ತು ಹನ್ನೆರಡಕ್ಕಿಂತ ಹೆಚ್ಚಿಲ್ಲ. ಅವನ್ನು ನಾವೂ ಕಲಿಯತಕ್ಕದ್ದು. ಅದರಲ್ಲಿಯೂ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯಿಂದ, ಎಂದರೆ ಲಿಂಗನಮಕ್ಕಿಯ ಹಿನ್ನೀರಿನ ಸೀಮೆಯಿಂದ ಬಂದವರು, ಇತರರಿಗಿಂತ ಮೊದಲು ಕಲಿಯತಕ್ಕದ್ದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲೆತ್ನಿಸುತ್ತೇನೆ.

ಮೊದಲು ತೊಂದರೆ ಏನೆಂಬುದನ್ನು ನೋಡೋಣ. ಗಣಕದಲ್ಲಿ ಬರೆದಿಡುವ ಫೈಲಿಗೆ ನಾವು ಕನ್ನಡದಲ್ಲಿ 'ಕಡತ' ಎನ್ನುತ್ತೇವೆ. ಈ ಶಬ್ದ ಹಳೆಯದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಾಲವೊಂದಿತ್ತು. ಆ ಕಪ್ಪು ಬಟ್ಟೆಯ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಪ್ರಸಿದ್ಧವಾದ ಆಕರಗಳು. ತಾಳೆಗರಿಯಲ್ಲಿ ಕಂಟದಿಂದ ಕೊರೆದದ್ದನ್ನಾಗಲಿ, ಕಲ್ಲಿನಲ್ಲಿ ಕಡೆದದ್ದನ್ನಾಗಲಿ ಅಳಿಸುವುದು ಸುಲಭವಲ್ಲ. ಕಡತದಲ್ಲಿ ಬರೆದದ್ದನ್ನು ಮಾತ್ರ ಒರಸಿ ಮತ್ತೆ ಬರೆಯಬಹುದಾಗಿತ್ತು. ಅದರ ಅನುಕೂಲವೂ ಅದೇ, ಅಪಾಯವೂ ಅದೇ. ಗಣಕದ ಕಡತವು ಹೆಸರಿನೊಂದಿಗೆ ಈ ಗುಣವನ್ನೂ ಪಡೆದುಕೊಂಡು ಬಂದಿದೆ. ಹೊಸದನ್ನು ಬರೆದು ಉಳಿಸಿದೊಡನೆ ಹಳೆಯದು ಅಳಿದುಹೋಗುತ್ತದೆ. ಅಳಿಯಬಾರದೆಂಬ ಭಯದಿಂದ ವಿದ್ಯಾರ್ಥಿಗಳು ಮಾಡುವ ಉಪಾಯ ಸರ್ವವಿದಿತ: 'ಪ್ರಬಂಧ ಕೊನೆಯದು', 'ಪ್ರಬಂಧ ಕೊನೆಯದು ಹೊಸದು', 'ಪ್ರಬಂಧ ನಿಜವಾಗಿಯೂ ಕೊನೆಯದು' ಎಂದು ಐದಾರು ಪ್ರತಿಗಳನ್ನು ಮಾಡಿಟ್ಟುಕೊಳ್ಳುವುದು. ತಿಂಗಳು ಕಳೆದ ಮೇಲೆ ಇವುಗಳಲ್ಲಿ ಯಾವುದು ಯಾವುದಕ್ಕಿಂತ ಮುಂಚಿನದು, ಏತಕ್ಕೆ ಬೇರೆಯಾಯಿತು ಎಂಬುದನ್ನು ಬರೆದವನೇ ಹೇಳಲಾರ.

ತಂತ್ರಾಂಶ ಬರೆಯುವವರಿಗೆ ಈ ತೊಂದರೆ ನಮಗಿಂತ ನೂರು ಪಾಲು ಹೆಚ್ಚು. ಒಂದು ದೊಡ್ಡ ತಂತ್ರಾಂಶದಲ್ಲಿ ಲಕ್ಷಾಂತರ ಸಾಲುಗಳಿರುತ್ತವೆ. ನೂರಾರು ಜನ ಒಟ್ಟಿಗೆ ತಿದ್ದುತ್ತಿರುತ್ತಾರೆ. ಒಬ್ಬನು ಒಂದು ಚುಕ್ಕೆಯನ್ನು ಬದಲಿಸಿದರೆ ಇನ್ನೊಬ್ಬನ ಕೆಲಸ ಕೆಡಬಹುದು. ಆದುದರಿಂದ 1972ರಷ್ಟು ಹಿಂದೆಯೇ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬವರು ಇದಕ್ಕೆಂದೇ ಒಂದು ವ್ಯವಸ್ಥೆಯನ್ನು ರಚಿಸಿದರು. ಮುಂದೆ ಅಂಥವು ಹಲವು ಬಂದವು. ಇಂದು ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿರುವುದು 'ಗಿಟ್'. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಕರ್ತೃ ಲೈನಸ್ ಟೋರ್ವಾಲ್ಡ್ಸ್ ಇದನ್ನು 2005ರ ಏಪ್ರಿಲಿನಲ್ಲಿ ಬರೆದರು. ಅದುವರೆಗೆ ಲಿನಕ್ಸ್ ಬಳಗದವರು ಒಂದು ಖಾಸಗಿ ಸಂಸ್ಥೆಯ ಸಾಧನವನ್ನು ಬಿಟ್ಟಿಯಾಗಿ ಬಳಸುತ್ತಿದ್ದರು. ಆ ಅನುಮತಿ ನಿಂತುಹೋದಾಗ, ತಮ್ಮ ಕೆಲಸದ ಇತಿಹಾಸವನ್ನು ಮತ್ತೊಬ್ಬರ ಹಿತ್ತಲಿನಲ್ಲಿಡುವುದು ಕ್ಷೇಮವಲ್ಲವೆಂದು ಕಂಡು, ಯಾರೂ ಕಸಿದುಕೊಳ್ಳಲಾಗದ ಸಾಧನವೊಂದನ್ನು ತಾವೇ ಮಾಡಿಕೊಂಡರು. ಅದೇ ವರ್ಷದ ಜುಲೈಯಿಂದ ಅದರ ಪೋಷಣೆಯ ಹೊಣೆಯನ್ನು ಜೂನಿಯೊ ಹಮಾನೊ ಎಂಬವರು ಹೊತ್ತಿದ್ದಾರೆ. ಗಿಟ್ ಅನ್ನು ಪಡೆಯಲು ಯಾರಿಗೂ ಹಣ ಕೊಡಬೇಕಾಗಿಲ್ಲ.

ಆಜ್ಞೆಗಳನ್ನು ಒಂದು ಉದಾಹರಣೆಯ ಮೂಲಕ ಪರಿಚಯಿಸಿದರೆ ತಿಳಿಯುವುದು ಸುಲಭ. ಸಾಗರದ ಕಡೆಯವನೊಬ್ಬ, ಹೊಸನಗರದವಳೊಬ್ಬಳು, ತೀರ್ಥಹಳ್ಳಿಯವನೊಬ್ಬ, ಹೀಗೆ ಮೂವರು ವಿದ್ಯಾರ್ಥಿಗಳು ಸೇರಿ ಒಂದು ಸಣ್ಣ ತಂತ್ರಾಂಶವನ್ನು ಕಟ್ಟುತ್ತಿದ್ದಾರೆಂದು ಭಾವಿಸೋಣ. ಮುಳುಗಡೆಯಾದ ಊರಿನ ಹೆಸರನ್ನು ಕೊಟ್ಟರೆ ಅದು ಯಾವ ಹೋಬಳಿಯಲ್ಲಿತ್ತು, ಅಲ್ಲಿಯ ಜನ ಎಲ್ಲಿಗೆ ಹೋದರು ಎಂಬುದನ್ನು ಹುಡುಕಿ ತೋರಿಸುವುದು ಅದರ ಕೆಲಸ. ಕೆಲಸ ಆರಂಭಿಸುವ ದಿನ ಅವರು 'ಗಿಟ್ ಇನಿಟ್' ಎಂದು ಆಜ್ಞೆ ಕೊಡುತ್ತಾರೆ. ಇದು ಹೊಸ ಲೆಕ್ಕದ ಪುಸ್ತಕಕ್ಕೆ 'ಶ್ರೀ' ಬರೆದಂತೆ. ಅಂದಿನಿಂದ ಆ ಕಡತಕೋಶದ ಚರಿತ್ರೆ ಆರಂಭವಾಗುತ್ತದೆ. ಒಂದಿಷ್ಟು ಬರೆದಾದ ಮೇಲೆ 'ಗಿಟ್ ಸ್ಟೇಟಸ್' ಎಂದು ಕೇಳಿದರೆ ಯಾವ ಯಾವ ಕಡತ ಬದಲಾಗಿದೆಯೆಂದು ಅದು ಹೇಳುತ್ತದೆ. ಬದಲಾದವುಗಳಲ್ಲಿ ದಾಖಲೆಗೆ ಸೇರಿಸಬೇಕಾದವನ್ನು 'ಗಿಟ್ ಆಡ್' ಎಂಬ ಆಜ್ಞೆಯಿಂದ ಆರಿಸಿ ಮುಂದಿಡಬೇಕು. ಕೊನೆಗೆ 'ಗಿಟ್ ಕಮಿಟ್' ಎಂದರೆ ಆರಿಸಿಟ್ಟದ್ದು ದಾಖಲೆಯಾಗುತ್ತದೆ. ಆಗ ಗಿಟ್ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಈ ಬದಲಾವಣೆ ಏತಕ್ಕೆಂದು ಒಂದು ಟಿಪ್ಪಣಿಯನ್ನು ಕೇಳುತ್ತದೆ. ಬರೆಯದೆ ಬಿಟ್ಟರೆ ಸಾಮಾನ್ಯವಾಗಿ ಕೆಲಸವನ್ನು ಅಲ್ಲಿಯೇ ನಿಲ್ಲಿಸಿಬಿಡುತ್ತದೆ. ಈ ಟಿಪ್ಪಣಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ನನ್ನ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

ದಾಖಲಾದದ್ದನ್ನು ಓದಲು ಎರಡು ಆಜ್ಞೆಗಳು ಮುಖ್ಯ. 'ಗಿಟ್ ಲಾಗ್' ಎಂದರೆ ಇದುವರೆಗಿನ ಎಲ್ಲ ತಿದ್ದುಪಡಿಗಳೂ ತೇದಿ, ಹೆಸರು, ಕಾರಣಗಳ ಸಮೇತ ಹೊಸದರಿಂದ ಹಳೆಯದಕ್ಕೆ ಸಾಲಾಗಿ ಬರುತ್ತವೆ. 'ಗಿಟ್ ಡಿಫ್' ಎಂದರೆ ಎರಡು ಪ್ರತಿಗಳ ನಡುವಣ ವ್ಯತ್ಯಾಸ ಕಾಣುತ್ತದೆ: ತೆಗೆದ ಸಾಲಿನ ಹಿಂದೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿನ ಹಿಂದೆ ಕೂಡಿಸುವ ಚಿಹ್ನೆ. ಐಚ್ಛಿಕ ಕನ್ನಡದ ಮಿತ್ರರಿಗೆ ಇದು ಹೊಸ ವಿಷಯವೇ ಅಲ್ಲ. ಒಂದೇ ಕಾವ್ಯದ ನಾಲ್ಕಾರು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು, ಅವಕ್ಕೆ ಕ, ಖ, ಗ ಎಂದು ಸಂಕೇತಗಳನ್ನು ಕೊಟ್ಟು, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ತೋರಿಸುವ ಗ್ರಂಥಸಂಪಾದನ ಕ್ರಮವನ್ನು ನಾವು ತರಗತಿಯಲ್ಲಿ ಓದುತ್ತೇವೆ. ಡಿ. ಎಲ್. ನರಸಿಂಹಾಚಾರ್ಯರು ಅದಕ್ಕೆಂದೇ ಒಂದು ದೊಡ್ಡ ಗ್ರಂಥವನ್ನು ಬರೆದಿದ್ದಾರೆ. ಲಿಪಿಕಾರನು ಎಲ್ಲಿ ಕಣ್ತಪ್ಪಿದನು, ಎಲ್ಲಿ ತಾನೇ ಜಾಣನೆಂದು ತಿದ್ದಿದನು ಎಂಬುದನ್ನು ಪಂಡಿತರು ಶತಮಾನಗಳ ಮೇಲೆ ಊಹೆಯಿಂದ ಕಂಡುಹಿಡಿಯಬೇಕಾಗಿದೆ. ಆ ಲಿಪಿಕಾರರು ತಿದ್ದಿದಾಗಲೆಲ್ಲ ಕಾರಣ ಬರೆದಿಟ್ಟಿದ್ದರೆ ಎಷ್ಟು ಶ್ರಮ ಉಳಿಯುತ್ತಿತ್ತು! ಗಿಟ್ ಮಾಡುವುದು ಅಷ್ಟನ್ನೇ: ಪಾಠಾಂತರವನ್ನು ಹುಟ್ಟಿದ ಕ್ಷಣದಲ್ಲಿಯೇ ಗುರುತು ಹಾಕಿಡುತ್ತದೆ.

ಮೂವರು ಒಟ್ಟಿಗೆ ಕೆಲಸ ಮಾಡುವಾಗ ಮತ್ತೆ ಕೆಲವು ಆಜ್ಞೆಗಳು ಬೇಕಾಗುತ್ತವೆ. 'ಗಿಟ್ ಬ್ರಾಂಚ್' ಎಂದರೆ ಕವಲು ತೆಗೆಯುವುದು. ಹೊಸನಗರದವಳಿಗೆ ಹುಡುಕುವ ಭಾಗವನ್ನು ಬೇರೊಂದು ರೀತಿಯಲ್ಲಿ ಬರೆದು ನೋಡಬೇಕೆನಿಸಿದರೆ, ಮುಖ್ಯ ಪ್ರವಾಹವನ್ನು ಕೆಡಿಸದೆ ಒಂದು ಕವಲಿನಲ್ಲಿ ಅವಳು ಪ್ರಯೋಗ ಮಾಡಬಹುದು. ಸರಿಹೋದರೆ 'ಗಿಟ್ ಮರ್ಜ್' ಎಂದು ಕವಲನ್ನು ಹೊಳೆಗೆ ಕೂಡಿಸುವುದು, ಸರಿಹೋಗದಿದ್ದರೆ ಬಿಟ್ಟುಬಿಡುವುದು. ಒಂದೇ ಸಾಲನ್ನು ಇಬ್ಬರು ಎರಡು ಬಗೆಯಾಗಿ ತಿದ್ದಿದ್ದರೆ ಕೂಡಿಸುವಾಗ ಗಿಟ್ ತನಗೆ ತೋಚಿದಂತೆ ತೀರ್ಪು ಕೊಡುವುದಿಲ್ಲ. ಎರಡು ಪಾಠಗಳನ್ನೂ ಒಂದರ ಕೆಳಗೊಂದು ಇಟ್ಟು, 'ಇಲ್ಲಿ ಘರ್ಷಣೆಯಿದೆ, ನೀವೇ ತೀರ್ಮಾನಿಸಿ' ಎಂದು ನಿಲ್ಲುತ್ತದೆ. ಆಗ ಇಬ್ಬರೂ ಕುಳಿತು ಮಾತನಾಡಲೇಬೇಕು. ಯಂತ್ರವೊಂದು ಮನುಷ್ಯರನ್ನು ಮಾತಿಗೆ ಕೂರಿಸುವ ಈ ಗುಣ ನನಗೆ ಬಹಳ ಹಿಡಿಸಿತು. ತಿದ್ದುಪಡಿ ತಪ್ಪೆಂದು ಮುಂದೆ ಗೊತ್ತಾದರೆ 'ಗಿಟ್ ರಿವರ್ಟ್' ಇದೆ. ಅದು ತಪ್ಪನ್ನು ಅಳಿಸದೆ, ಅದಕ್ಕೆ ವಿರುದ್ಧವಾದ ಮತ್ತೊಂದು ತಿದ್ದುಪಡಿಯನ್ನು ದಾಖಲಿಸುತ್ತದೆ. ತಪ್ಪಿದ್ದೂ ಉಳಿಯುತ್ತದೆ, ಸರಿಪಡಿಸಿದ್ದೂ ಉಳಿಯುತ್ತದೆ.

ಇನ್ನು 'ಗಿಟ್ ಕ್ಲೋನ್', 'ಗಿಟ್ ಪುಲ್', 'ಗಿಟ್ ಪುಶ್' ಎಂಬ ಮೂರು. ಮೊದಲನೆಯದರಿಂದ ಇಡೀ ಕಡತಕೋಶದ ಪ್ರತಿ, ಅದರ ಪೂರ್ವ ಚರಿತ್ರೆಯೊಡನೆ, ನಮ್ಮ ಯಂತ್ರಕ್ಕೆ ಬರುತ್ತದೆ. ಎರಡನೆಯದು ಇತರರು ಮಾಡಿದ ಹೊಸ ಕೆಲಸವನ್ನು ತರುತ್ತದೆ. ಮೂರನೆಯದು ನಮ್ಮದನ್ನು ಕಳುಹಿಸುತ್ತದೆ. ಮುಖ್ಯವಾಗಿ ಗಮನಿಸಬೇಕಾದ್ದೆಂದರೆ, ಮೂವರ ಬಳಿಯೂ ಸಾಮಾನ್ಯವಾಗಿ ಪೂರ್ತಿ ಚರಿತ್ರೆ ಇರುತ್ತದೆ. ಮೂಲ ಒಂದು ಕಡೆ, ನಕಲು ಮತ್ತೊಂದು ಕಡೆ ಎಂಬ ತಾರತಮ್ಯವಿಲ್ಲ. ಒಬ್ಬನ ಯಂತ್ರ ಸುಟ್ಟುಹೋದರೂ, ಹಳ್ಳದ ನೀರು ಮನೆಗೆ ನುಗ್ಗಿದರೂ ಉಳಿದಿಬ್ಬರಲ್ಲಿ ಎಲ್ಲವೂ ಭದ್ರ.

ಇಷ್ಟಾದರೆ ಆಜ್ಞೆಗಳು ಮುಗಿದವು. ಇವನ್ನು ಒಂದು ವಾರದಲ್ಲಿ ಯಾರು ಬೇಕಾದರೂ ಕಲಿಯಬಹುದು. ಆದರೆ ಕಲಿತವರೆಲ್ಲ ಚೆನ್ನಾಗಿ ಬಳಸುತ್ತಾರೆಂದು ಹೇಳಲಾಗದು. ಕಮಿಟ್ ಮಾಡುವಾಗ ಬರೆಯಬೇಕಾದ ಟಿಪ್ಪಣಿಯಲ್ಲಿ ಅನೇಕ ಪ್ರವೀಣರೂ 'ಬದಲಿಸಿದೆ', 'ಸಣ್ಣ ತಿದ್ದುಪಡಿ', 'ಸರಿಮಾಡಿದೆ' ಎಂದು ಒಂದೆರಡು ಶಬ್ದ ಗೀಚಿ ಕೈತೊಳೆದುಕೊಳ್ಳುತ್ತಾರೆ. ಇದರಿಂದ ಪ್ರಯೋಜನವೇನು? ಏನು ಬದಲಾಯಿತೆಂಬುದನ್ನು ಯಂತ್ರ ತಾನಾಗಿಯೇ ತೋರಿಸಬಲ್ಲದು. ಯಾರು, ಯಾವಾಗ ಎಂಬುದನ್ನೂ ಅದೇ ಬರೆದುಕೊಳ್ಳುತ್ತದೆ. ಏತಕ್ಕೆ ಎಂಬ ಒಂದನ್ನು ಮಾತ್ರ ಅದು ಬಲ್ಲದಾಗದು. ಅದು ಮನುಷ್ಯನ ಮನಸ್ಸಿನಲ್ಲಿದೆ. ಅವನು ಬರೆಯದೆ ಹೋದರೆ ಅವನೊಂದಿಗೇ ಹೋಗುತ್ತದೆ. 'ಊರಿನ ಹೆಸರನ್ನು ಬದಲಿಸಿದೆ' ಎಂಬುದು ಟಿಪ್ಪಣಿಯಲ್ಲ. 'ಈ ಊರಿನ ಹಿರಿಯರಿಬ್ಬರು ಹೆಸರನ್ನು ದೀರ್ಘವಾಗಿ ಉಚ್ಚರಿಸಿದರು. ಹಳೆಯ ನಕಾಶೆಯಲ್ಲಿಯೂ ಹಾಗೆಯೇ ಇದೆ. ಆದ್ದರಿಂದ ಬದಲಿಸಿದೆ' ಎಂಬುದು ಟಿಪ್ಪಣಿ. ಕಾರಣವನ್ನು ಸಂಕ್ಷೇಪವಾಗಿ, ಸ್ಪಷ್ಟವಾಗಿ, ಮುಂದೆ ಓದುವ ಅಪರಿಚಿತನಿಗೆ ತಿಳಿಯುವಂತೆ ಬರೆಯುವುದು ಯಾರ ಕೆಲಸ? ಮೂರು ವರ್ಷ ನಾವು ಕಲಿಯುವುದು ಅದನ್ನೇ ಅಲ್ಲವೆ? ಹೀಗಿರುವಲ್ಲಿ ಈ ಪದ್ಧತಿಯ ಅತ್ಯಂತ ಕಠಿಣವಾದ ಭಾಗವು ವಿಜ್ಞಾನದ್ದಲ್ಲ, ಮಾನವಿಕ ವಿದ್ಯೆಗಳದ್ದು ಎಂದರೆ ಅತಿಶಯೋಕ್ತಿಯಾಗಲಾರದು.

ಹಿನ್ನೀರಿನ ಸೀಮೆಯವರಿಗೆ ಇದು ಇನ್ನೂ ಅಗತ್ಯವೆಂದು ಮೊದಲಿಗೇ ಹೇಳಿದೆನಷ್ಟೆ; ಅದರ ಕಾರಣ ಇದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿದದ್ದು 1964ರಲ್ಲಿ. 1819 ಅಡಿಗಳವರೆಗೆ ನೀರು ನಿಂತಾಗ ಸುಮಾರು 300 ಚದರ ಕಿಲೋಮೀಟರ್ ನೆಲ ಜಲಾವೃತವಾಗುತ್ತದೆ. ಅದರ ವಿದ್ಯುತ್ತು ನಾಡಿನ ಕಾರ್ಖಾನೆಗಳನ್ನು ನಡೆಸಿತು, ಮನೆಗಳನ್ನು ಬೆಳಗಿತು. ಆ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. 1940ರ ದಶಕದಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಈ ನೀರಿನಲ್ಲಿಯೇ ಮುಳುಗಿತು. ಬೇಸಗೆಯಲ್ಲಿ ನೀರು ತೀರ ಇಳಿದಾಗ ಅದು ಮತ್ತೆ ತಲೆಯೆತ್ತಿ ನಿಲ್ಲುವುದನ್ನು ನಮ್ಮಲ್ಲಿ ಹಲವರು ಕಂಡಿದ್ದಾರೆ. ಅದು ಕಲ್ಲಿನ ಕಟ್ಟಡವಾದುದರಿಂದ ಹಳೆಯ ಆವೃತ್ತಿಯಂತೆ ತಳದಲ್ಲಿ ಉಳಿದಿದೆ. ಮಣ್ಣಿನ ಗೋಡೆಯ ಮನೆಗಳು, ಗದ್ದೆಯ ಅಂಚುಗಳು, ತೋಟದ ಕಾಲುವೆಗಳು ಹಾಗೆ ಉಳಿಯುವಂಥವಲ್ಲ. ಅವುಗಳ ನೋವನ್ನು, ಶರಾವತಿ ಯೋಜನೆಯಲ್ಲಿ ನೌಕರರಾಗಿದ್ದ ಸಾಗರದ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಮೊದಲಾದ ಕಾದಂಬರಿಗಳಲ್ಲಿ ಕಾಪಾಡಿ ಕೊಟ್ಟು, 2025ರ ಜನವರಿಯಲ್ಲಿ ತೀರಿಕೊಂಡರು. ನೋವಿಗೆ ಸಾಹಿತ್ಯವಿದೆ. ಆದರೆ ಯಾವ ಕುಟುಂಬದ ಎಷ್ಟು ಭೂಮಿ ಹೋಯಿತು, ಅದಕ್ಕೆ ಬದಲಾಗಿ ಎಲ್ಲಿ ಎಷ್ಟು ಸಿಕ್ಕಿತು ಎಂಬುದಕ್ಕೆ ಸಾಹಿತ್ಯ ಸಾಲದು, ಲೆಕ್ಕ ಬೇಕು.

ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಎರಡು ಕಾಗದಗಳಿವೆ. ಎರಡೂ ಅಜ್ಜನ ತಂದೆಯ ಹೆಸರಿನವು, ಎರಡೂ ಒಂದೇ ಜಮೀನಿಗೆ ಸಂಬಂಧಿಸಿದವು. ಒಂದರಲ್ಲಿ 4 ಎಕರೆ 12 ಗುಂಟೆ ಎಂದಿದೆ. ಕೆಲವು ವರ್ಷಗಳ ತರುವಾಯದ ಇನ್ನೊಂದರಲ್ಲಿ 3 ಎಕರೆ 22 ಗುಂಟೆ. ನಡುವೆ ಹೋದ 30 ಗುಂಟೆ ಏನಾಯಿತೆಂಬುದಕ್ಕೆ ಒಂದು ಸಾಲೂ ಇಲ್ಲ. ಮರುಅಳತೆಯಲ್ಲಿ ಕಡಿಮೆಯಾಯಿತೆ? ರಸ್ತೆಗೆ ಹೋಯಿತೆ? ನಕಲು ಮಾಡಿದ ಗುಮಾಸ್ತನ ಕೈ ಜಾರಿತೆ? ಯಾವುದಾದರೂ ಇರಬಹುದು, ಎಲ್ಲವೂ ನ್ಯಾಯವಾಗಿಯೇ ಇರಬಹುದು. ಅಜ್ಜನಿಗೆ ಓದು ಬಾರದು. ತಂದೆಗೆ ಸಹಿ ಮಾಡುವಷ್ಟು ಬರುತ್ತದೆ. ಇಬ್ಬರೂ ಸರದಿಯ ಮೇಲೆ ಒಂದು ಕಚೇರಿಗೆ ನಡೆದರು. ಪ್ರತಿ ಸಲವೂ 'ರಿಕಾರ್ಡಿನಲ್ಲಿ ಹೀಗಿದೆ' ಎಂಬ ಉತ್ತರ ಬಂದಿತೇ ಹೊರತು, ರಿಕಾರ್ಡು ಹೀಗಾದದ್ದು ಯಾವಾಗ, ಯಾರಿಂದ, ಏತಕ್ಕೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಉತ್ತರ ಹೇಳಿದವರೂ ಸುಳ್ಳುಗಾರರಲ್ಲ. ಅವರ ಮುಂದಿದ್ದದ್ದು ಕೊನೆಯ ಆವೃತ್ತಿ ಮಾತ್ರ. ಓದು ಬಲ್ಲವನ ಕೈಗೆ ಬಂದ ಕಾಗದದಲ್ಲಿ ಕಾರಣವಿಲ್ಲದಿದ್ದರೆ, ಓದು ಬಂದೂ ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಮೊದಲು ಪದವಿ ತರಗತಿಗೆ ಬಂದವನು ನಾನು. ಆ ಎರಡು ಕಾಗದಗಳನ್ನು ಎಷ್ಟು ಸಲ ಓದಿದರೂ ನನಗೆ ತಿಳಿಯುವುದು ಅಜ್ಜನಿಗೆ ತಿಳಿದಷ್ಟೇ. ಇಂಥ ಪೆಟ್ಟಿಗೆಗಳು ನಮ್ಮ ಕಾಲೇಜಿನ ಅನೇಕರ ಮನೆಗಳಲ್ಲಿ ಇರುತ್ತವೆಂದು ನಾನು ಬಲ್ಲೆ. ಶರಾವತಿ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆಯು ಅಣೆಕಟ್ಟು ಮುಗಿದು 60 ವರ್ಷಗಳು ಕಳೆದರೂ ಪೂರ್ಣವಾಗಿ ಬಗೆಹರಿದಿಲ್ಲವೆಂಬುದನ್ನು ಎಲ್ಲರೂ ಬಲ್ಲರು.

ಕಂದಾಯದ ವ್ಯವಸ್ಥೆಯಲ್ಲಿ ಈ ವಿಚಾರವೇ ಇಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಪಹಣಿಯಲ್ಲಿ ಹಕ್ಕುದಾರನ ಹೆಸರಿನೊಡನೆ, ಆ ಹಕ್ಕು ಯಾವ ಮ್ಯುಟೇಶನ್ನಿನ ಮೂಲಕ ಬಂದಿತೆಂಬ ಸಂಖ್ಯೆ ಬರೆಯುವ ಪದ್ಧತಿಯಿದೆ. ಆ ಸಂಖ್ಯೆಯನ್ನು ಹಿಡಿದು ಹೋದರೆ ಕ್ರಯವೋ, ಪೌತಿಯೋ, ವಿಭಾಗವೋ ಎಂಬ ಕಾರಣ ಸಿಕ್ಕಬೇಕು. ಕರ್ನಾಟಕ ಸರ್ಕಾರವು 2000ದಲ್ಲಿ ಆರಂಭಿಸಿದ 'ಭೂಮಿ' ಯೋಜನೆಯಿಂದ ಕೈಬರಹದ ಪಹಣಿಗಳು ಗಣಕಕ್ಕೆ ಏರಿದವು. ಗುಟ್ಟಾಗಿ ತಿದ್ದುವುದು ಕಷ್ಟವಾಯಿತು. ಇದು ದೊಡ್ಡ ಸುಧಾರಣೆ. ಆದರೆ ಗಣಕಕ್ಕೆ ಏರುವ ಮುಂಚೆಯೇ ಕಾರಣ ಕಳೆದುಹೋಗಿದ್ದರೆ, ಗಣಕವು ಆ ತಪ್ಪಿನ ಆವೃತ್ತಿಯನ್ನೇ ಮೊದಲ ಆವೃತ್ತಿಯೆಂದು ಹಿಡಿದುಕೊಳ್ಳುತ್ತದೆ. ಆದುದರಿಂದ ಕಾರಣ ಬರೆದಿಡುವ ಅಭ್ಯಾಸ ಮನುಷ್ಯನಲ್ಲಿ ಬೆಳೆಯಬೇಕು. ಯಂತ್ರ ಆ ಅಭ್ಯಾಸಕ್ಕೆ ಕಾವಲಾಗಬಹುದೇ ಹೊರತು ಅಭ್ಯಾಸವನ್ನೇ ಹುಟ್ಟಿಸಲಾರದು. ನಮ್ಮ ಸಹಪಾಠಿಗಳಲ್ಲಿ ಎಷ್ಟೋ ಮಂದಿ ನಾಳೆ ಇಂಥ ಕಚೇರಿಗಳ ಮೇಜಿನ ಹಿಂದೆ ಕುಳಿತುಕೊಳ್ಳುವವರೇ. ಪರೀಕ್ಷೆಗೆ ಓದುವ ಈ ವರ್ಷಗಳಲ್ಲಿಯೇ ಅವರ ಬೆರಳುಗಳಿಗೆ ಈ ರೂಢಿ ಹತ್ತಿದರೆ, ಮುಂದೆ ಯಾರದೋ ಅಜ್ಜನಿಗೆ ಉಪಕಾರವಾದೀತು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ಈಗ ಪರಿಶೀಲಿಸೋಣ. ಮೊದಲನೆಯದು, ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿವೆ ಎಂಬುದು. ನಿಜ, ಆದರೆ ಹನ್ನೆರಡು ಶಬ್ದಗಳನ್ನು ಕಲಿಯಲು ಇಂಗ್ಲಿಷ್ ಪಂಡಿತರಾಗಬೇಕಿಲ್ಲ. ಬಸ್ಸು, ಟಿಕೆಟ್ಟು, ಲಾಂಚುಗಳನ್ನು ನಮ್ಮ ಅಜ್ಜಿಯರು ಕನ್ನಡವಾಗಿಸಿಕೊಳ್ಳಲಿಲ್ಲವೆ? ಕಡತದ ಒಳಗಿನ ಬರಹವನ್ನೂ ಕಮಿಟ್ಟಿನ ಟಿಪ್ಪಣಿಯನ್ನೂ ಕನ್ನಡದಲ್ಲಿಯೇ ಬರೆಯಬಹುದು. ಎರಡು ಎಚ್ಚರಿಕೆಗಳು ಮಾತ್ರ ಬೇಕು. ಕಡತಕ್ಕೆ ಕನ್ನಡದ ಹೆಸರಿಟ್ಟರೆ ಗಿಟ್ ಅದನ್ನು ಅಂಕೆಗಳ ಸಾಲಾಗಿ ತೋರಿಸುತ್ತದೆ; 'ಕೋರ್ ಕೋಟ್‌ಪಾತ್' ಎಂಬ ಏರ್ಪಾಟನ್ನು 'ಫಾಲ್ಸ್' ಎಂದು ಬದಲಿಸಿದರೆ ಕನ್ನಡದ ಹೆಸರು ಕನ್ನಡವಾಗಿಯೇ ಕಾಣುತ್ತದೆ. ಎರಡನೆಯದು, ಬರಹ ಯೂನಿಕೋಡಿನಲ್ಲಿರಬೇಕು. ಯೂನಿಕೋಡಿನಲ್ಲಿಯೂ ಒಂದು ಸೂಕ್ಷ್ಮವಿದೆ. 'ಹೊಸನಗರ' ಎಂಬಲ್ಲಿಯ 'ಹೊ' ಅಕ್ಷರದ ಒತ್ವವನ್ನು ಒಂದೇ ಸಂಕೇತದಿಂದಲೂ ಬರೆಯಬಹುದು, ಎತ್ವ ಊತ್ವಗಳೆಂಬ ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಡಿಫ್ ಆಜ್ಞೆಗೆ ಮಾತ್ರ ಬೇರೆ ಬೇರೆ. ಏನೂ ಬದಲಾಗದ ಸಾಲನ್ನು ಬದಲಾಗಿದೆಯೆಂದು ಅದು ತೋರಿಸಿದರೆ ಗಾಬರಿಯಾಗದೆ, ಎಲ್ಲರೂ ಒಂದೇ ಬಗೆಯಲ್ಲಿ ಬರೆಯುವಂತೆ ಗೊತ್ತು ಮಾಡಿಕೊಳ್ಳಬೇಕು.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಂಭೀರವಾದುದು: ಯಂತ್ರದಲ್ಲಿಟ್ಟ ಚರಿತ್ರೆಯನ್ನು ತಿರುಚಲಾಗದೆ? ತಿರುಚಬಹುದು. ಹಳೆಯ ದಾಖಲೆಗಳನ್ನು ಹೊಸದಾಗಿ ಬರೆದು, ಬಲವಂತದಿಂದ ಪುಶ್ ಮಾಡುವ ಆಜ್ಞೆಯೂ ಗಿಟ್‌ನಲ್ಲಿದೆ. ಆದರೆ ಪ್ರತಿಯೊಂದು ಕಮಿಟ್ಟಿಗೂ ಅದರ ಒಳಗಿನ ಬರಹದಿಂದಲೇ ಲೆಕ್ಕ ಹಾಕಿದ, ಸಾಮಾನ್ಯವಾಗಿ 40 ಅಕ್ಷರಗಳ ಒಂದು ಗುರುತಿನ ಸಂಖ್ಯೆಯಿರುತ್ತದೆ. ಆ ಲೆಕ್ಕದಲ್ಲಿ ಹಿಂದಿನ ಕಮಿಟ್ಟಿನ ಸಂಖ್ಯೆಯೂ ಸೇರಿರುತ್ತದೆ. ನಡುವಿನ ಒಂದು ಅಕ್ಷರವನ್ನು ಬದಲಿಸಿದರೆ ಅಲ್ಲಿಂದ ಮುಂದಿನ ಎಲ್ಲ ಸಂಖ್ಯೆಗಳೂ ಬದಲಾಗುತ್ತವೆ. ಉಳಿದವರ ಪ್ರತಿಗಳೊಡನೆ ಹೋಲಿಸಿದೊಡನೆ ಗುಟ್ಟು ರಟ್ಟಾಗುತ್ತದೆ. ಆದುದರಿಂದ ರಕ್ಷಣೆಯಿರುವುದು ಯಂತ್ರದಲ್ಲಲ್ಲ, ಹಲವರ ಬಳಿ ಪ್ರತಿಯಿರುವುದರಲ್ಲಿ. ಹಾಗೆಯೇ ತಿದ್ದಿದವನ ಹೆಸರು ಕೂಡ ಅವನೇ ಹೇಳಿಕೊಂಡ ಹೆಸರು. ಅದಕ್ಕೆ ಸಹಿ ಬೇಕೆಂದರೆ ಬೇರೆ ಏರ್ಪಾಟಿದೆ. ಪ್ರತಿ ಸಾಲನ್ನು ಕೊನೆಗೆ ತಿದ್ದಿದವರು ಯಾರೆಂದು ತೋರಿಸುವ ಆಜ್ಞೆಗೆ 'ಗಿಟ್ ಬ್ಲೇಮ್' ಎಂದು ಹೆಸರಿಟ್ಟದ್ದು ನನಗೆ ಸರಿಕಾಣದು. ತಪ್ಪು ಹೊರಿಸಲು ಅದನ್ನು ಬಳಸಿದರೆ ನಾಳೆಯಿಂದ ಯಾರೂ ಧೈರ್ಯವಾಗಿ ತಿದ್ದಲಾರರು. ಕಾರಣ ಕೇಳಲು ಯಾರ ಬಳಿಗೆ ಹೋಗಬೇಕೆಂದು ತಿಳಿಯುವುದಕ್ಕೆ ಮಾತ್ರ ಅದು ಇರಬೇಕು.

ಮೂರನೆಯದಾಗಿ, ಎಲ್ಲವನ್ನೂ ದಾಖಲಿಸಬೇಕೆಂಬುದೂ ಅತಿಯೇ. ಗುಟ್ಟಿನ ಸಂಕೇತಪದಗಳನ್ನು, ಪರರ ಆಧಾರ್ ಸಂಖ್ಯೆ, ಕಾಯಿಲೆ, ಕಲಹಗಳ ವಿವರಗಳನ್ನು ಒಮ್ಮೆ ಕಮಿಟ್ ಮಾಡಿ ಹಂಚಿದರೆ, ಮಾರನೆಯ ದಿನ ಅಳಿಸಿದರೂ ಚರಿತ್ರೆಯಲ್ಲಿ ಉಳಿದಿರುತ್ತವೆ. ಮರೆಯದ ಸಾಧನದ ಮುಂದೆ ಯೋಚಿಸಿ ಮಾತನಾಡಬೇಕು. ಸಾದಾ ಅಕ್ಷರಗಳ ಕಡತಗಳಿಗೆ ಗಿಟ್ ಹೊಂದುವಂತೆ, ವರ್ಡ್ ಕಡತಗಳಿಗೂ ಚಿತ್ರಗಳಿಗೂ ಹೊಂದುವುದಿಲ್ಲ. ಅವುಗಳ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸಲು ಅದಕ್ಕೆ ಬಾರದು. ಅಲ್ಲದೆ ಹೆಚ್ಚಿನವರು ತಮ್ಮ ಕಡತಕೋಶಗಳನ್ನಿಡುವ ಗಿಟ್‌ಹಬ್ ಎಂಬ ತಾಣ 2018ರಿಂದ ಮೈಕ್ರೋಸಾಫ್ಟ್ ಸಂಸ್ಥೆಯ ಸೊತ್ತು. ಗಿಟ್ ಬೇರೆ, ಗಿಟ್‌ಹಬ್ ಬೇರೆ ಎಂಬುದನ್ನು ಮರೆಯದೆ, ಒಂದು ಪ್ರತಿಯನ್ನು ನಮ್ಮಲ್ಲಿಯೇ ಇಟ್ಟುಕೊಂಡಿರುವುದು ವಿವೇಕ. 2005ರಲ್ಲಿ ಲಿನಕ್ಸಿನವರು ಕಲಿತ ಪಾಠವೂ ಅದೇ.

ಕನ್ನಡದ ಕೆಲಸಕ್ಕೆ ಇದರಿಂದ ಏನು ಲಾಭವೆಂದು ಕೇಳುವವರಿಗೆ ಒಂದು ನಿದರ್ಶನ ಸಾಕು. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಒಬ್ಬರೇ ಕುಳಿತು ಒಂದೂವರೆ ಲಕ್ಷದಷ್ಟು ಕನ್ನಡ ಶಬ್ದಗಳಿಗೆ ಇಂಗ್ಲಿಷ್ ಅರ್ಥ ಬರೆದರು. ಆ ನಿಘಂಟು 2019ರಲ್ಲಿ 'ಅಲರ್' ಎಂಬ ಹೆಸರಿನಿಂದ ಎಲ್ಲರಿಗೂ ಮುಕ್ತವಾಯಿತು. ಅದರ ಶಬ್ದಸಂಪತ್ತು ಗಿಟ್ ಕಡತಕೋಶವಾಗಿಯೇ ದೊರೆಯುತ್ತದೆ. ಯಾರು ಬೇಕಾದರೂ ಅದನ್ನು ಕ್ಲೋನ್ ಮಾಡಿಕೊಳ್ಳಬಹುದು. ಕನ್ನಡ ವಿಕಿಪೀಡಿಯದ ಪ್ರತಿ ಪುಟಕ್ಕೂ 'ಇತಿಹಾಸ' ಎಂಬ ಬೇರೊಂದು ಪುಟವಿದ್ದು, ತಿದ್ದಿದ ಪ್ರತಿಯೊಂದು ಸಲದ ಲೆಕ್ಕವೂ ಅಲ್ಲಿದೆ. ಇಂಥ ಕೆಲಸಗಳಿಗೆ ಯಂತ್ರ ಬಲ್ಲವರು ಸಿಗುತ್ತಾರೆ; ಮಲೆನಾಡಿನ ತೋಟ, ಗದ್ದೆ, ಹಬ್ಬ, ಅಡಿಗೆಗಳ ಶಬ್ದಗಳನ್ನು ಬಲ್ಲವರು, ತಿದ್ದುಪಡಿಗೆ ತಕ್ಕ ಕಾರಣವನ್ನು ಕನ್ನಡದಲ್ಲಿ ಬರೆಯಬಲ್ಲವರು ಸಿಗುವುದಿಲ್ಲ. ಆ ಸ್ಥಾನ ನಮಗಾಗಿ ಖಾಲಿಯಿದೆ.

ಆದುದರಿಂದ ನಮ್ಮ ಅಧ್ಯಾಪಕವರ್ಗದ ಮುಂದೆ ಒಂದು ಸಲಹೆಯನ್ನು ವಿನಯಪೂರ್ವಕವಾಗಿ ಇಡುತ್ತೇನೆ. ಹೊಸ ಪಠ್ಯವನ್ನಾಗಲಿ ಹೊಸ ಯಂತ್ರಗಳನ್ನಾಗಲಿ ನಾನು ಕೇಳುವುದಿಲ್ಲ. ಹಳೆಯ ಗಣಕದಲ್ಲಿಯೂ ಗಿಟ್ ನಡೆಯುತ್ತದೆ. ಒಂದೇ ಯಂತ್ರದಲ್ಲಿ ಅಂತರಜಾಲವಿಲ್ಲದೆಯೂ ನಡೆಯುತ್ತದೆ. ನಾಲ್ಕು ಶನಿವಾರಗಳ ಅಪರಾಹ್ನ ಸಾಕು. ಮೊದಲ ಶನಿವಾರ ಇನಿಟ್, ಆಡ್, ಕಮಿಟ್. ಎರಡನೆಯದು ಲಾಗ್, ಡಿಫ್, ರಿವರ್ಟ್. ಮೂರನೆಯದು ಕವಲು ಮತ್ತು ಕೂಡಿಕೆ. ನಾಲ್ಕನೆಯದು ಟಿಪ್ಪಣಿ ಬರೆಯುವ ಕ್ರಮ. ಕೊನೆಯದನ್ನು ಕನ್ನಡದ ಅಧ್ಯಾಪಕರೇ ಕಲಿಸಬೇಕೆಂದು ನನ್ನ ಬಯಕೆ. ಅಭ್ಯಾಸಕ್ಕೆ ಬೇಕಾದ ವಸ್ತು ನಮ್ಮ ಸುತ್ತಲೇ ಇದೆ. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ತೆರೆದ ಮೇಲೆ ಲಾಂಚಿಗಾಗಿ ಕಾಯುತ್ತಿದ್ದ ಕಾಲವೇ ನೆನಪಾಗತೊಡಗಿದೆ; ಮುಳುಗಡೆಗೆ ಮುಂಚಿನ ಊರುಗಳನ್ನು ಕಣ್ಣಾರೆ ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಬಾಯಿಂದ ಊರು, ಕೆರೆ, ದೇವಸ್ಥಾನ, ಗದ್ದೆಬೈಲುಗಳ ಹೆಸರುಗಳನ್ನು ಕೇಳಿ ಬರೆದು, ಮೇಲೆ ಹೇಳಿದಂಥ ಹುಡುಕುವ ತಂತ್ರಾಂಶವನ್ನು ಕಟ್ಟುವುದು ಉದಾಹರಣೆಯಾಗಿಯೇ ಏಕೆ ಉಳಿಯಬೇಕು? ಒಬ್ಬ ಹಿರಿಯರು ಒಂದು ಬಗೆ ಹೇಳಿ, ಮತ್ತೊಬ್ಬರು ಇನ್ನೊಂದು ಬಗೆ ಹೇಳಿದರೆ ಎರಡನ್ನೂ ಕಾರಣದೊಡನೆ ಉಳಿಸಿಕೊಳ್ಳುವ ಸಾಧನ ನಮ್ಮ ಕೈಯಲ್ಲಿದೆ.

ಬದಲಾವಣೆಯನ್ನು ಯಾರೂ ತಡೆಯಲಾರರು. ತಡೆಯಬೇಕೆಂದೂ ನಾನು ಹೇಳುವುದಿಲ್ಲ. ನದಿಗೆ ಕಟ್ಟೆ ಬೇಕಾದಾಗ ಕಟ್ಟೆ ಬರುತ್ತದೆ, ಹೊಳೆಗೆ ಸೇತುವೆ ಬೇಕಾದಾಗ ಸೇತುವೆ ಬರುತ್ತದೆ, ಬರೆದ ಸಾಲು ತಪ್ಪಾದಾಗ ತಿದ್ದಲೇಬೇಕಾಗುತ್ತದೆ. ಆದರೆ ಬದಲಿಸಿದವನು ಏತಕ್ಕೆ ಬದಲಿಸಿದನೆಂಬುದನ್ನು ಮುಂದೆ ಬರುವವನಿಗೆ ಹೇಳಿ ಹೋಗುವುದು ಅವನ ಧರ್ಮ. ಆ ಧರ್ಮಕ್ಕೆ ಈಗ ಒಂದು ಸುಲಭವಾದ ಸಾಧನ ದೊರೆತಿದೆ. ಅದನ್ನು ಪರರ ವಿದ್ಯೆಯೆಂದು ದೂರವಿಡದೆ, ಮುಂಬರುವ ವರ್ಷದ ವಿದ್ಯಾರ್ಥಿಗಳಾದರೂ ತಮ್ಮದಾಗಿಸಿಕೊಳ್ಳಲಿ.